ಪುನರ್ಪುಳಿ ಶರಬತ್ತು: ಅಜ್ಜಿಯ ಭರಣಿ, ನನ್ನ ಬಾಟ್ಲಿ, ಸ್ವಲ್ಪ ಕೆಮಿಸ್ಟ್ರಿ



ಈ ಸಲ "ಸೈನ್ಸ್ ಬಗ್ಗೆ ಕನ್ನಡದಲ್ಲಿ ಏನಾದ್ರೂ ಬರಿ" ಅಂತ ನಮ್ಮ ಕ್ಲಬ್‌ನ ಸೀನಿಯರ್ ಅಕ್ಕ ಹೇಳಿದಾಗ ನಾನು ಮೊದಲು ತಪ್ಪಿಸಿಕೊಳ್ಳೋಕೆ ನೋಡಿದೆ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ನಾನು. ಕನ್ನಡ ಮಾತಾಡ್ತೀನಿ, ಆದ್ರೆ ಬರೆಯೋಕೆ ಕೂತರೆ ಒತ್ತಕ್ಷರಗಳು ಕೈ ಕೊಡ್ತವೆ. ಆಮೇಲೆ ಯೋಚನೆ ಬಂತು, ಹೋದ ಏಪ್ರಿಲ್‌ನಲ್ಲಿ ನನ್ನ ಮಂಚದ ಕೆಳಗೆ ಒಂದು ಬಾಟ್ಲಿ ಸ್ಫೋಟ ಆಯ್ತಲ್ಲ, ಅದರ ಹಿಂದೆ ಒಂದು ಇಡೀ ಯೂನಿಟ್ ಸೈನ್ಸ್ ಇದೆ. ಅದನ್ನೇ ಬರೆಯೋಣ ಅಂತ ಕೂತಿದ್ದೀನಿ.

ಶುರುವಾಗಿದ್ದು ಮೆಸ್‌ನಲ್ಲಿ. ನನ್ನ ರೂಮ್‌ಮೇಟ್ ಮೊಬೈಲ್‌ನಲ್ಲಿ ಯುರೋಪಿನವರು ಮನೆಯಲ್ಲಿ ಎಲ್ಡರ್‌ಬೆರಿ ಜ್ಯೂಸ್ ಮಾಡೋದನ್ನ ನೋಡ್ತಾ ಇದ್ಲು. ಗೊಂಚಲು ಗೊಂಚಲು ಕಪ್ಪು ಹಣ್ಣು, ಕಡು ಕೆಂಪು ರಸ. "ಇದು ನಮ್ಮಲ್ಲಿ ಸಿಗಲ್ಲ ಅಲ್ವಾ?" ಅಂದ್ಲು. ನಾನು ಸ್ವಲ್ಪ ಜಂಬದಿಂದ, "ಇದಕ್ಕಿಂತ ಒಳ್ಳೇದು ನಮ್ಮ ಅಜ್ಜಿ ಮನೆ ಹಿತ್ತಲಲ್ಲಿದೆ, ಮಾಡಿ ಕುಡಿಸ್ತೀನಿ" ಅಂದುಬಿಟ್ಟೆ. ಆ ಜಂಬದ ಫಲ ಮುಂದೆ ಬರುತ್ತೆ.

ಯಾವುದು ಈ ಹಣ್ಣು?

ನನ್ನ ಅಜ್ಜಿ ಮನೆ ಇರೋದು ಬೆಳ್ತಂಗಡಿ ತಾಲೂಕಿನಲ್ಲಿ. ಅಲ್ಲಿ ಇದಕ್ಕೆ ಪುನರ್ಪುಳಿ ಅಂತಾರೆ. ಶಿರಸಿ, ಸಾಗರದ ಕಡೆಯವರಿಗೆ ಇದು ಮುರುಗಲು. ಮಹಾರಾಷ್ಟ್ರ, ಗೋವಾದಲ್ಲಿ ಕೋಕಮ್. ಸಸ್ಯಶಾಸ್ತ್ರದ ಹೆಸರು ಗಾರ್ಸೀನಿಯಾ ಇಂಡಿಕಾ, ಮ್ಯಾಂಗೋಸ್ಟೀನ್ ಹಣ್ಣಿನ ಸಂಬಂಧಿ. ಪಶ್ಚಿಮ ಘಟ್ಟದ ನಿತ್ಯಹಸಿರು ಮರ. ಏಪ್ರಿಲ್, ಮೇ ತಿಂಗಳಲ್ಲಿ ನಿಂಬೆ ಗಾತ್ರದ ಕಡುಗೆಂಪು ಹಣ್ಣು ಬಿಡುತ್ತೆ. ಒಳಗೆ ಬಿಳಿ ತಿರುಳು, ಅದರಲ್ಲಿ ಬೀಜ. ಬೀಜದಿಂದ ತೆಗೆಯೋ ತುಪ್ಪ ಗಟ್ಟಿಯಾಗಿರುತ್ತೆ, ಕಾಲು ಒಡೆದರೆ ಹಚ್ಚುತ್ತಾರೆ. ಆದ್ರೆ ನಿಜವಾದ ಆಸ್ತಿ ಸಿಪ್ಪೆ. ಶರಬತ್ತು, ಸಾರು ಎಲ್ಲಾ ಆಗೋದು ಸಿಪ್ಪೆಯಿಂದಲೇ. ಅದರ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ.

ನಾನು ಮಾಡಿದ್ದು

ಏಪ್ರಿಲ್ ಕೊನೆಯಲ್ಲಿ ಊರಿಂದ ಬರುವಾಗ ಎರಡು ಕೆಜಿ ಹಣ್ಣು ಚೀಲದಲ್ಲಿ ತಂದೆ. ಅಜ್ಜಿಗೆ ಫೋನ್ ಮಾಡಿ ಕೇಳಿದೆ. ಅವರು ಹೇಳಿದ್ದು ಇಷ್ಟು: "ಸಿಪ್ಪೆ ಒಂದಕ್ಕೆ ಸಕ್ಕರೆ ಎರಡು. ನೀರು ಮುಟ್ಟಿಸ್ಬೇಡ. ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಡು. ಅಡಿಯಲ್ಲಿ ಸ್ವಲ್ಪ ಸಕ್ಕರೆ ಕಾಣ್ತಾ ಇರ್ಬೇಕು ಗೊತ್ತುಂಟಾ, ಕಾಣದಿದ್ರೆ ಇನ್ನೊಂದು ಮುಷ್ಟಿ ಹಾಕು."

ನಾನು ಎಂಜಿನಿಯರಿಂಗ್ ಸ್ಟೂಡೆಂಟ್ ಅಲ್ವಾ, "ಆಪ್ಟಿಮೈಸ್" ಮಾಡಿದೆ. ಒಂದು ಕೆಜಿ ಸಿಪ್ಪೆಗೆ ಎರಡು ಕೆಜಿ ಸಕ್ಕರೆ? ಹೆಲ್ತ್‌ಗೆ ಒಳ್ಳೇದಲ್ಲ ಅಂತ ಅರ್ಧ ಕೆಜಿ ಹಾಕಿದೆ. ಹಾಸ್ಟೆಲ್ ಟೆರೇಸ್‌ನಲ್ಲಿ ನಾಲ್ಕು ದಿನ ಬಿಸಿಲಿಗಿಟ್ಟೆ. ಸಕ್ಕರೆ ಎರಡನೇ ದಿನಕ್ಕೇ ಪೂರ್ತಿ ಕರಗಿತು, ನನಗೆ ಖುಷಿ. ಸೋಸಿ, ಆಗಷ್ಟೇ ತೊಳೆದ, ಇನ್ನೂ ಒದ್ದೆ ಇದ್ದ ಒಂದು ಲೀಟರ್ ಗಾಜಿನ ಬಾಟ್ಲಿಗೆ ಕುತ್ತಿಗೆವರೆಗೂ ತುಂಬಿಸಿ, ಮುಚ್ಚಳ ಬಿಗಿಯಾಗಿ ತಿರುಗಿಸಿ ಮಂಚದ ಕೆಳಗೆ ಇಟ್ಟೆ. ಬಾಟ್ಲಿ ಚೌಕಾಕಾರದ್ದು, ನೋಡೋಕೆ ಚಂದ ಅಂತ ಆರಿಸಿದ್ದೆ.

ಮೂರನೇ ದಿನ ಒಳಗೆ ಸಣ್ಣ ಸಣ್ಣ ಗುಳ್ಳೆ ಕಾಣಿಸ್ತು. "ನೋಡು, ನ್ಯಾಚುರಲ್ ಸೋಡಾ" ಅಂತ ರೂಮ್‌ಮೇಟ್‌ಗೆ ತೋರಿಸಿದೆ. ಆರನೇ ರಾತ್ರಿ, ಎರಡು ಗಂಟೆ ಇರಬಹುದು, ಢಮ್ ಅಂತ ಸದ್ದು. ಲೈಟ್ ಹಾಕಿದರೆ ನೆಲ ಪೂರ್ತಿ ಕೆಂಪು. ಗಾಜಿನ ಚೂರು ಬಾಗಿಲವರೆಗೂ ಹಾರಿತ್ತು. ಐದು ನಿಮಿಷ ಮೊದಲು ನನ್ನ ರೂಮ್‌ಮೇಟ್ ಬರಿಗಾಲಲ್ಲಿ ಎದ್ದು ನೀರು ಕುಡಿದು ಮಲಗಿದ್ಲು. ಅದೇ ದಾರಿ, ಅದೇ ಜಾಗ. ಬೆಳಗಿನವರೆಗೂ ಇಬ್ಬರೂ ಮಾತಾಡದೆ ನೆಲ ಒರೆಸಿದೆವು. ಅವಳು ಬೈದಿದ್ರೆ ಚೆನ್ನಾಗಿತ್ತು, ಬೈಯಲಿಲ್ಲ.

ಮರುದಿನ ಅಜ್ಜಿ ಫೋನ್ ಮಾಡಿ "ಹೇಗೆ ಬಂತು ಮಗಾ?" ಅಂತ ಕೇಳಿದ್ರು. "ಚೆನ್ನಾಗಿ ಬಂತು ಅಜ್ಜಿ" ಅಂದೆ.

ಒಡೆದದ್ದು ಯಾಕೆ? ಲೆಕ್ಕ ಹಾಕೋಣ

ಹಣ್ಣಿನ ಸಿಪ್ಪೆ ಮೇಲೆ ಈಸ್ಟ್ ಇದ್ದೇ ಇರುತ್ತೆ, ನಾವು ಹಾಕಬೇಕಿಲ್ಲ. ಈಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ. ಒಂದು ಗ್ಲೂಕೋಸ್ ಅಣುವಿನಿಂದ ಎರಡು ಕಾರ್ಬನ್ ಡೈಆಕ್ಸೈಡ್ ಅಣು. ಅಂದ್ರೆ 180 ಗ್ರಾಂ ಗ್ಲೂಕೋಸ್‌ನಿಂದ 88 ಗ್ರಾಂ ಗ್ಯಾಸ್.

ನನ್ನ ಬಾಟ್ಲಿಯಲ್ಲಿ ಸುಮಾರು 400 ಗ್ರಾಂ ಸಕ್ಕರೆ ಇತ್ತು. ಅದರಲ್ಲಿ ಬರೀ 10 ಗ್ರಾಂ ಈಸ್ಟ್ ತಿಂದಿತು ಅಂತ ಇಟ್ಟುಕೊಳ್ಳಿ. ಹೆಚ್ಚುಕಡಿಮೆ 4.9 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತೆ, ಅಂದ್ರೆ 0.11 ಮೋಲ್. ಬೇಸಿಗೆಯ ರೂಮ್ ಟೆಂಪರೇಚರ್‌ನಲ್ಲಿ ಇದು ಸುಮಾರು 2.7 ಲೀಟರ್ ಗ್ಯಾಸ್. ಬಾಟ್ಲಿಯಲ್ಲಿ ಖಾಲಿ ಇದ್ದ ಜಾಗ 50 ಮಿಲಿಲೀಟರ್ ಇರಬಹುದು. ಗ್ಯಾಸ್‌ನ ಬಹುಪಾಲು ದ್ರವದಲ್ಲೇ ಕರಗುತ್ತೆ, ನಿಜ. ಹೆನ್ರಿಯ ನಿಯಮ ಹಾಕಿ, ಶರಬತ್ತನ್ನು ನೀರು ಅಂತಲೇ ಲೆಕ್ಕ ಹಿಡಿದರೂ ಒತ್ತಡ ಮೂರು ಅಟ್ಮಾಸ್ಫಿಯರ್ ದಾಟುತ್ತೆ. ಕಾರಿನ ಟೈರ್‌ಗೆ ಹೊಡೆಸೋ ಗಾಳಿ ಎರಡು ಚಿಲ್ಲರೆ ಅಟ್ಮಾಸ್ಫಿಯರ್. ಅಂದ್ರೆ ನನ್ನ ಸಕ್ಕರೆಯಲ್ಲಿ ನಲವತ್ತನೇ ಒಂದು ಭಾಗ ಹುಳಿತರೂ ಸಾಕು, ಟೈರ್‌ಗಿಂತ ಹೆಚ್ಚು ಒತ್ತಡ ಇರೋ ಗಾಜಿನ ಬಾಂಬ್ ರೆಡಿ.

ಬಾಟ್ಲಿ ಚೌಕ ಆಗಿದ್ದು ಇನ್ನೊಂದು ತಪ್ಪು. ದುಂಡನೆ ಗೋಡೆ ಒತ್ತಡವನ್ನ ಸುತ್ತಲೂ ಸಮನಾಗಿ ಹಂಚಿಕೊಳ್ಳುತ್ತೆ. ಚಪ್ಪಟೆ ಗೋಡೆ ಹೊರಕ್ಕೆ ಬಾಗೋಕೆ ನೋಡುತ್ತೆ, ಮೂಲೆಗಳಲ್ಲಿ ಸ್ಟ್ರೆಸ್ ಸೇರುತ್ತೆ. ಸೋಡಾ ಬಾಟ್ಲಿಗಳು, ಗ್ಯಾಸ್ ಸಿಲಿಂಡರ್‌ಗಳು ಎಲ್ಲಾ ದುಂಡಗಿರೋದು ಸುಮ್ಮನೆ ಅಲ್ಲ.

ಮೂರು ಕಾವಲು: ಹುಳಿ, ಸಕ್ಕರೆ, ಬಿಸಿ

ಮನೆಯಲ್ಲಿ ಮಾಡಿದ ಯಾವ ಹಣ್ಣಿನ ಶರಬತ್ತೇ ಆಗಲಿ, ಅದು ಕೆಡದೆ ಉಳಿಯೋಕೆ ಮೂರು ಕಾವಲುಗಾರರು ಬೇಕು.

ಮೊದಲನೆಯದು ಹುಳಿ. ಬಾಟ್ಯುಲಿಸಂ ತರೋ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಪಿಎಚ್ 4.6ಕ್ಕಿಂತ ಕೆಳಗೆ ಬೆಳೆಯಲ್ಲ. ಪುನರ್ಪುಳಿ ರಸದ ಪಿಎಚ್ 3ಕ್ಕಿಂತಲೂ ಕೆಳಗಿರುತ್ತೆ. ಹಾಗಾಗಿ ಅತಿ ಅಪಾಯದ ಬ್ಯಾಕ್ಟೀರಿಯಾಗಳ ಭಯ ಇಲ್ಲಿ ಕಡಿಮೆ. ಆದ್ರೆ ಈಸ್ಟ್ ಮತ್ತು ಬೂಷ್ಟಿಗೆ ಹುಳಿ ಅಂದ್ರೆ ಲೆಕ್ಕಕ್ಕಿಲ್ಲ. ಅವು ಆರಾಮಾಗಿ ಬೆಳೀತವೆ. ನಾನು ನಂಬಿದ್ದು ಈ ಒಬ್ಬ ಕಾವಲುಗಾರನನ್ನ ಮಾತ್ರ.

ಎರಡನೆಯದು ಸಕ್ಕರೆ. ಸಕ್ಕರೆ ಇಲ್ಲಿ ಬರೀ ರುಚಿಗೆ ಅಲ್ಲ. ಅದು ನೀರನ್ನ ಹಿಡಿದಿಟ್ಟುಕೊಳ್ಳುತ್ತೆ. ಒಂದು ದ್ರವದಲ್ಲಿ ಸೂಕ್ಷ್ಮಜೀವಿಗಳ ಕೈಗೆ ಸಿಗೋ ನೀರು ಎಷ್ಟು ಅನ್ನೋದಕ್ಕೆ ವಾಟರ್ ಆಕ್ಟಿವಿಟಿ ಅನ್ನೋ ಅಳತೆ ಇದೆ. ಶುದ್ಧ ನೀರಿಗೆ ಅದು 1. ಹೆಚ್ಚಿನ ಬ್ಯಾಕ್ಟೀರಿಯಾಗಳು 0.91ಕ್ಕಿಂತ ಕೆಳಗೆ ನಿಲ್ಲುತ್ತವೆ, ಹೆಚ್ಚಿನ ಈಸ್ಟ್‌ಗಳು 0.88ಕ್ಕಿಂತ ಕೆಳಗೆ. ತೂಕದಲ್ಲಿ ನೂರಕ್ಕೆ 65ರಿಂದ 68ರಷ್ಟು ಸಕ್ಕರೆ ಇರೋ ಪಾಕದಲ್ಲಿ ಇದು 0.86ರ ಆಸುಪಾಸು. ನಮ್ಮ ಎಫ್‌ಎಸ್‌ಎಸ್‌ಎಐ ನಿಯಮದಲ್ಲೂ ಹಣ್ಣಿನ ಸಿರಪ್ ಅಥವಾ ಶರಬತ್ತು ಅಂತ ಮಾರಬೇಕಾದ್ರೆ ಕರಗಿದ ಘನಾಂಶ ನೂರಕ್ಕೆ ಕನಿಷ್ಠ 65 ಇರಬೇಕು.

ಈಗ ನಮ್ಮಿಬ್ಬರ ಲೆಕ್ಕ ನೋಡಿ. ಒಂದು ಕೆಜಿ ಹಸಿ ಸಿಪ್ಪೆಯಲ್ಲಿ ಸುಮಾರು 800 ಗ್ರಾಂ ನೀರು ಇದೆ ಅಂತ ಹಿಡಿಯೋಣ. ಅಜ್ಜಿಯ ಅಳತೆಯಂತೆ ಎರಡು ಕೆಜಿ ಸಕ್ಕರೆ ಹಾಕಿದರೆ, 2000 ಭಾಗಿಸು 2800, ಅಂದ್ರೆ ನೂರಕ್ಕೆ 71. ನನ್ನ ಅಳತೆಯಲ್ಲಿ 500 ಭಾಗಿಸು 1300, ನೂರಕ್ಕೆ 38. ಅದರ ವಾಟರ್ ಆಕ್ಟಿವಿಟಿ 0.96ರ ಮೇಲೆ. ಅಂದ್ರೆ ನಾನು ಈಸ್ಟ್‌ನ ಓಡಿಸಲಿಲ್ಲ, ಎಲೆ ಹಾಕಿ ಊಟಕ್ಕೆ ಕೂರಿಸಿದ್ದೆ.

ಮೂರನೆಯದು ಬಿಸಿ. ಶರಬತ್ತನ್ನು 85 ಡಿಗ್ರಿ ಸೆಲ್ಸಿಯಸ್‌ಗೆ ತಂದು ಬಿಸಿಯಿದ್ದಾಗಲೇ ಬಾಟ್ಲಿಗೆ ತುಂಬಿದರೆ ಒಳಗಿರೋ ಈಸ್ಟ್ ಸಾಯುತ್ತೆ. ತುಂಬಾ ಸಕ್ಕರೆಯಲ್ಲೂ ಬದುಕೋ ಕೆಲವು ಜಾತಿಯ ಈಸ್ಟ್‌ಗಳಿವೆ, ಅದಕ್ಕೇ ಈ ಮೂರನೇ ಕಾವಲು. ನಾನು ಬಿಸಿ ಮಾಡಲೇ ಇಲ್ಲ.

ಅಜ್ಜಿ ಮುಂದೆ ಒಪ್ಪಿಕೊಂಡಿದ್ದು

ಮೇ ತಿಂಗಳ ರಜೆಗೆ ಊರಿಗೆ ಹೋದೆ. ಅಜ್ಜಿ ಆಗಲೇ ಒಂದು ಬುಟ್ಟಿ ಹಣ್ಣು ಕೊಯ್ಯಿಸಿ ಇಟ್ಟಿದ್ರು. ಸುಳ್ಳು ಹೇಳಿದ್ದು ಒಳಗೆ ಚುಚ್ಚುತ್ತಾ ಇತ್ತು. ಹಣ್ಣು ಕತ್ತರಿಸ್ತಾ ಕೂತಾಗ ಎಲ್ಲಾ ಹೇಳಿದೆ. ಅಜ್ಜಿ ಬೈಯಲಿಲ್ಲ, ನಗಲೂ ಇಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಸಕ್ಕರೆ ಎಷ್ಟು ಹಾಕಿದ್ದಿ?"

ಅರ್ಧ ಕೆಜಿ ಅಂದೆ. "ಹಾಗಾದ್ರೆ ಅಡಿಯಲ್ಲಿ ಎಂತ ಕಂಡಿತು?" ಅಂತ ಕೇಳಿದ್ರು. ಏನೂ ಕಾಣಲಿಲ್ಲ, ಎರಡನೇ ದಿನಕ್ಕೇ ಕರಗಿತ್ತು ಅಂದೆ. "ನಾನು ಹೇಳಿದ್ದು ಅದನ್ನೇ ಅಲ್ವಾ ಮಾರಾಯ್ತಿ. ಸಾಕಾ, ಸಾಲ್ದಾ ಅಂತ ಭರಣಿಯೇ ಹೇಳ್ತದೆ."

ನನಗೆ ಆಗ ಹೊಳೀತು. 30 ಡಿಗ್ರಿಯಲ್ಲಿ ನೀರಿಗೆ ಸಕ್ಕರೆ ಕರಗಿಸೋ ಮಿತಿ ತೂಕದಲ್ಲಿ ನೂರಕ್ಕೆ ಸುಮಾರು 68. ಅದಾದ ಮೇಲೆ ಹಾಕಿದ್ದು ಅಡಿಯಲ್ಲಿ ಉಳಿಯುತ್ತೆ. ಅಂದ್ರೆ ಅಡಿಯಲ್ಲಿ ಸ್ವಲ್ಪ ಸಕ್ಕರೆ ಕಾಣ್ತಾ ಇದ್ರೆ, ಮೇಲಿನ ದ್ರವ ಆ ಮಿತಿಯ ಹತ್ತಿರ ಇದೆ ಅಂತ ಅರ್ಥ. ನಿಯಮ ಕೇಳೋ 65 ಆಗಲೇ ದಾಟಿದೆ. ಲ್ಯಾಬ್‌ನಲ್ಲಿ ಇದನ್ನ ಅಳೆಯೋಕೆ ರಿಫ್ರ್ಯಾಕ್ಟೋಮೀಟರ್ ಬೇಕು. ಅಜ್ಜಿಗೆ ಕಣ್ಣು ಸಾಕು. ಫೋನ್‌ನಲ್ಲಿ ನಾನು "ಏನೋ ಹಳೇ ಕಾಲದ ಮಾತು" ಅಂತ ಬಿಟ್ಟುಬಿಟ್ಟ ಆ ಒಂದು ವಾಕ್ಯವೇ ಇಡೀ ಪ್ರೋಸೆಸ್‌ನ ಕ್ವಾಲಿಟಿ ಕಂಟ್ರೋಲ್ ಆಗಿತ್ತು.

ಮಿಕ್ಕ ಮಾತುಗಳನ್ನೂ ಒಂದೊಂದಾಗಿ ಕೇಳಿದೆ, ಕಾರಣ ಹುಡುಕಿದೆ.

"ನೀರು ಮುಟ್ಟಿಸ್ಬೇಡ": ಒದ್ದೆ ಬಾಟ್ಲಿ, ಒದ್ದೆ ಚಮಚದಿಂದ ಬಿದ್ದ ಹನಿ ನೀರು ಪಾಕಕ್ಕಿಂತ ಹಗುರ. ಅದು ಮೇಲೆಯೇ ತೇಲಿ ಒಂದು ತೆಳು ಪದರ ಆಗುತ್ತೆ. ಆ ಪದರದಲ್ಲಿ ಮಾತ್ರ ಸಕ್ಕರೆ ಕಡಿಮೆ. ಬೂಷ್ಟು ಯಾವಾಗಲೂ ಮೇಲ್ಗಡೆ ಶುರುವಾಗೋದಕ್ಕೆ ಇದೂ ಒಂದು ಕಾರಣ.

"ಬಾಯಿಗೆ ಬಟ್ಟೆ ಕಟ್ಟು": ಧೂಳು, ಇರುವೆ ಬರಬಾರದು, ಆದ್ರೆ ಗ್ಯಾಸ್ ಹುಟ್ಟಿದ್ರೆ ಹೊರಗೆ ಹೋಗಬೇಕು. ಅಜ್ಜಿಯದ್ದು ಉಸಿರಾಡೋ ಟ್ಯಾಂಕ್. ನನ್ನದು ಸೇಫ್ಟಿ ವಾಲ್ವ್ ಇಲ್ಲದ ಪ್ರೆಷರ್ ವೆಸೆಲ್.

"ಅಲ್ಯೂಮಿನಿಯಂ ಪಾತ್ರೆ ಬೇಡ": ಇಷ್ಟು ಹುಳಿ ಇರೋ ರಸ ಅಲ್ಯೂಮಿನಿಯಂ, ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯನ್ನ ಕರಗಿಸುತ್ತೆ. ಬಣ್ಣವೂ ಕೆಡುತ್ತೆ. ಸ್ಟೀಲ್, ಗಾಜು ಅಥವಾ ಪಿಂಗಾಣಿ ಭರಣಿ ಸರಿ.

ಅಜ್ಜಿ ವಿಧಾನ: ಹಸಿ ಹಣ್ಣಿನಿಂದ

1. ಚೆನ್ನಾಗಿ ಹಣ್ಣಾದ, ಕಪ್ಪು ಛಾಯೆಗೆ ತಿರುಗಿದ ಕೆಂಪು ಹಣ್ಣು ಆರಿಸಿ. ಕೊಳೆತದ್ದು ಒಂದೂ ಬೇಡ. ತೊಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ.

2. ಅಡ್ಡಕ್ಕೆ ಎರಡು ಹೋಳು ಮಾಡಿ, ತಿರುಳು ಮತ್ತು ಬೀಜ ತೆಗೆಯಿರಿ. ಸಿಪ್ಪೆ ಪುಟ್ಟ ಬಟ್ಟಲಿನ ಹಾಗೆ ಉಳಿಯುತ್ತೆ. ಸಿಪ್ಪೆಯನ್ನ ತೂಕ ಮಾಡಿ.

3. ಸಿಪ್ಪೆಯ ಎರಡು ಪಟ್ಟು ಸಕ್ಕರೆ ತೂಗಿ. ಪ್ರತಿ ಬಟ್ಟಲಿಗೂ ಸಕ್ಕರೆ ತುಂಬಿಸಿ, ಭರಣಿಯಲ್ಲಿ ಸಾಲಾಗಿ ಜೋಡಿಸಿ. ಉಳಿದ ಸಕ್ಕರೆ ಮೇಲೆ ಸುರಿಯಿರಿ. ಒಂದು ಹನಿ ನೀರೂ ಬೇಡ.

4. ಬಾಯಿಗೆ ಒಣ ಬಟ್ಟೆ ಕಟ್ಟಿ ಬಿಸಿಲಿಗಿಡಿ. ದಿನಕ್ಕೊಮ್ಮೆ ಒಣ ಸೌಟಿನಿಂದ ಕೈಯಾಡಿಸಿ. ಸಂಜೆ ಒಳಗೆ ತನ್ನಿ, ಇಬ್ಬನಿ ಬೀಳಬಾರದು.

5. ಏಳೆಂಟು ದಿನದಲ್ಲಿ ಸಿಪ್ಪೆ ಸುಕ್ಕಾಗಿ, ಸುತ್ತಲೂ ಕಡುಗೆಂಪು ಪಾಕ ನಿಲ್ಲುತ್ತೆ. ಹೊರಗೆ ಸಕ್ಕರೆ ಜಾಸ್ತಿ ಇರೋದ್ರಿಂದ ಸಿಪ್ಪೆಯೊಳಗಿನ ನೀರು ಹೊರಕ್ಕೆ ಬರುತ್ತೆ, ಜೊತೆಗೆ ಬಣ್ಣ, ಹುಳಿ ಎಲ್ಲಾ. ಪಿಯುಸಿಯಲ್ಲಿ ಓದಿದ ಆಸ್ಮಾಸಿಸ್ ಇದೇ. ಅಡಿಯಲ್ಲಿ ಸ್ವಲ್ಪ ಸಕ್ಕರೆ ಇದೆಯಾ ನೋಡಿ. ಇಲ್ಲದಿದ್ರೆ ಇನ್ನೊಂದು ಮುಷ್ಟಿ.

6. ಸೋಸಿ. ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ 85 ಡಿಗ್ರಿವರೆಗೆ ಬಿಸಿ ಮಾಡಿ. ಇದು ಮಾತ್ರ ಅಜ್ಜಿ ಮಾಡಲ್ಲ, ನಾನು ಸೇರಿಸಿದ್ದು. ಅಡಿಗೆ ಥರ್ಮಾಮೀಟರ್ ಇಲ್ಲದಿದ್ರೆ, ಅಂಚಿನಲ್ಲಿ ಸಣ್ಣ ಗುಳ್ಳೆ ಏಳೋಕೆ ಶುರುವಾಗಿ ಹಬೆ ಚೆನ್ನಾಗಿ ಬರುವಾಗ ಇಳಿಸಿ. ತುಂಬಾ ಹೊತ್ತು ಕುದಿಸಿದರೆ ಕೆಂಪು ಹೋಗಿ ಕಂದು ಆಗುತ್ತೆ.

7. ಬಿಸಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬೆಚ್ಚಗೆ ಮಾಡಿದ ದುಂಡನೆ ಬಾಟ್ಲಿಗೆ ಬಿಸಿ ಶರಬತ್ತು ತುಂಬಿ. ತಣ್ಣನೆ ಗಾಜಿಗೆ ಸುರಿದರೆ ಸೀಳುತ್ತೆ, ಜೋಪಾನ. ಮೇಲೆ ಎರಡು ಬೆರಳಷ್ಟು ಜಾಗ ಬಿಡಿ. ಮುಚ್ಚಿ, ಬಟ್ಟೆ ಹಿಡಿದು ಒಂದೆರಡು ನಿಮಿಷ ತಲೆಕೆಳಗೆ ಮಾಡಿ, ಮುಚ್ಚಳಕ್ಕೂ ಬಿಸಿ ತಾಗಲಿ. ಆರಿದ ಮೇಲೆ ಒಮ್ಮೆ ಅಲ್ಲಾಡಿಸಿ, ಒಳಗೆ ಹನಿಗಟ್ಟಿದ ನೀರು ಬೆರೆಯಲಿ.

ಬೆಳಕಿಗೆ ಬಣ್ಣ ಮಾಸುತ್ತೆ, ಕತ್ತಲೆಯಲ್ಲಿಡಿ. ತೆಗೆದ ಮೇಲೆ ಫ್ರಿಜ್‌ನಲ್ಲಿಡಿ.

ಹಸಿ ಹಣ್ಣು ಸಿಗದವರಿಗೆ

ಒಣ ಸಿಪ್ಪೆ ವರ್ಷವಿಡೀ ಅಂಗಡಿಯಲ್ಲಿ ಸಿಗುತ್ತೆ. ಕೆಲವಕ್ಕೆ ಉಪ್ಪು ಹಾಕಿರ್ತಾರೆ, ಉಪ್ಪಿಲ್ಲದ್ದು ಕೇಳಿ ತಗೊಳ್ಳಿ. 100 ಗ್ರಾಂ ಸಿಪ್ಪೆಯನ್ನ ಬೇಗ ತೊಳೆದು, ಅರ್ಧ ಲೀಟರ್ ಬಿಸಿನೀರಲ್ಲಿ ಐದಾರು ಗಂಟೆ ನೆನೆಸಿ, ಚೆನ್ನಾಗಿ ಹಿಂಡಿ, ಸೋಸಿ. ರಸವನ್ನ ತೂಕ ಮಾಡಿ. 400 ಗ್ರಾಂ ಬಂದ್ರೆ 750 ಗ್ರಾಂ ಸಕ್ಕರೆ. ಯಾಕೆ 750? 750 ಭಾಗಿಸು 1150, ನೂರಕ್ಕೆ 65. ರಸ ಜಾಸ್ತಿ ಬಂದ್ರೆ ಅದೇ ಅನುಪಾತದಲ್ಲಿ ಸಕ್ಕರೆಯೂ ಜಾಸ್ತಿ. ಮಾಸ್ ಬ್ಯಾಲೆನ್ಸ್ ಅಂದ್ರೆ ಇಷ್ಟೇ. ಆಮೇಲೆ ಮೇಲಿನ 6 ಮತ್ತು 7ನೇ ಹಂತ.

ಹಾಸ್ಟೆಲ್‌ನಲ್ಲಿರೋರಿಗೆ ಇನ್ನೂ ಸುಲಭ: ನಾಲ್ಕೈದು ಒಣ ಸಿಪ್ಪೆ ಒಂದು ಲೋಟ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ಬೇಕಾದಷ್ಟು ಬೆಲ್ಲ, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ ಹಾಕಿ ಅವತ್ತೇ ಕುಡಿಯಿರಿ. ಇದಕ್ಕೆ ಸಕ್ಕರೆ ಇಷ್ಟೇ ಅಂತ ನಿಯಮ ಇಲ್ಲ, ಯಾಕಂದ್ರೆ ಇದನ್ನ ಕೂಡಿಡಲ್ಲ. ದಯವಿಟ್ಟು ಬಾಟ್ಲಿಗೆ ತುಂಬಿಸಿ ಮಂಚದ ಕೆಳಗೆ ಇಡಬೇಡಿ.

ಹಾಗಾದ್ರೆ ಹೆಲ್ತ್?

ನನ್ನ ಮೊದಲ ಪ್ರಶ್ನೆ ತಪ್ಪಾಗಿರಲಿಲ್ಲ, ಉತ್ತರ ತಪ್ಪಾಗಿತ್ತು. ಒಂದು ಪಾಲು ಶರಬತ್ತಿಗೆ ಐದು ಪಾಲು ನೀರು ಬೆರೆಸಿದ 200 ಮಿಲಿಲೀಟರ್ ಲೋಟದಲ್ಲಿ ಸುಮಾರು 28 ಗ್ರಾಂ ಸಕ್ಕರೆ ಇರುತ್ತೆ. ದಿನಕ್ಕೆ 2000 ಕ್ಯಾಲೊರಿ ತಿನ್ನೋ ವ್ಯಕ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ 50 ಗ್ರಾಂ, 25ರ ಒಳಗಿದ್ದರೆ ಇನ್ನೂ ಒಳ್ಳೇದು. ಅಂದ್ರೆ ಇದು ದಿನಾ ಕುಡಿಯೋ ಔಷಧಿ ಅಲ್ಲ, ಬಿಸಿಲಲ್ಲಿ ಬಂದವರಿಗೆ ಕೊಡೋ ಒಂದು ಲೋಟ ಖುಷಿ. ಸಿಹಿ ಕಡಿಮೆ ಬೇಕಾದ್ರೆ ಹತ್ತು ಪಾಲು ನೀರು ಹಾಕಿ.

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಟುಕೊಳ್ಳಿ: ಸಕ್ಕರೆ ಕಡಿಮೆ ಮಾಡೋದು ಲೋಟದಲ್ಲಿ, ಬಾಟ್ಲಿಯಲ್ಲಿ ಅಲ್ಲ.

ಒಂದು ವೇಳೆ ಬಾಟ್ಲಿಯಲ್ಲಿ ಗುಳ್ಳೆ ಏಳ್ತಾ ಇದ್ರೆ, ಮುಚ್ಚಳ ಉಬ್ಬಿದ್ರೆ, ಅದು ನ್ಯಾಚುರಲ್ ಸೋಡಾ ಅಲ್ಲ. ಅಲ್ಲಾಡಿಸಬೇಡಿ. ದಪ್ಪ ಟವೆಲ್ ಸುತ್ತಿ, ಮುಖ ದೂರ ಇಟ್ಟು, ಸಿಂಕ್‌ನಲ್ಲಿ ನಿಧಾನಕ್ಕೆ ಮುಚ್ಚಳ ಸಡಿಲಿಸಿ, ಚೆಲ್ಲಿಬಿಡಿ.

ಎಲ್ಡರ್‌ಬೆರಿಯ ಜೊತೆ ಒಂದು ನಂಟು

ರೂಮ್‌ಮೇಟ್ ತೋರಿಸಿದ ಆ ಹಣ್ಣಿನ ಬಗ್ಗೆ ಆಮೇಲೆ ಓದಿದೆ. ಎಲ್ಡರ್‌ಬೆರಿಯ ಕೆಂಪು ಬಣ್ಣಕ್ಕೆ ಕಾರಣ ಆಂಥೋಸಯನಿನ್‌ಗಳು. ಅದರಲ್ಲಿ ಒಂದರ ಹೆಸರು ಸಯನಿಡಿನ್ ಸಾಂಬುಬಯೋಸೈಡ್. ಎಲ್ಡರ್ ಗಿಡದ ಸಸ್ಯಶಾಸ್ತ್ರದ ಹೆಸರು ಸಾಂಬುಕಸ್, ಅದರಿಂದಲೇ ಬಂದ ಹೆಸರದು. ಅದೇ ಬಣ್ಣ ನಮ್ಮ ಪುನರ್ಪುಳಿ ಸಿಪ್ಪೆಯಲ್ಲೂ ಇದೆ! ಮೆಸ್‌ನಲ್ಲಿ ಜಂಬಕ್ಕೆ ಹೇಳಿದ್ದು ಅರ್ಧ ನಿಜವೇ ಆಯ್ತು. ತುಂಬಾ ತಿಳಿ ಮಾಡಿದ ಪುನರ್ಪುಳಿ ನೀರಿಗೆ ಸ್ವಲ್ಪ ಸ್ವಲ್ಪವೇ ಅಡಿಗೆ ಸೋಡಾ ಹಾಕ್ತಾ ಹೋಗಿ. ನೊರೆ ಬಂದು, ಕೆಂಪು ಹೋಗಿ ನೇರಳೆ, ಆಮೇಲೆ ನೀಲಿ ಕಡೆಗೆ ತಿರುಗುತ್ತೆ. ನಿಂಬೆ ಹಿಂಡಿದ್ರೆ ಮತ್ತೆ ಕೆಂಪು. ಲಿಟ್ಮಸ್ ಕಾಗದಕ್ಕೆ ದುಡ್ಡು ಕೊಡಬೇಕಿಲ್ಲ.

ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ. ಎಲ್ಡರ್ ಗಿಡದ ಎಲೆ, ಕಡ್ಡಿ, ಬೀಜ ಮತ್ತು ಹಸಿ ಕಾಯಿಯಲ್ಲಿ ಸಯನೈಡ್ ಬಿಡುಗಡೆ ಮಾಡೋ ಪದಾರ್ಥ ಇರುತ್ತೆ. ನಮ್ಮ ಕಡೆಯ ಮರಗೆಣಸಿನಲ್ಲೂ ಅದೇ ಗುಂಪಿನ ಪದಾರ್ಥ ಇದೆ, ಅದಕ್ಕೇ ಅದನ್ನ ಬೇಯಿಸದೆ ತಿನ್ನಲ್ಲ. 1983ರ ಆಗಸ್ಟ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಗುಂಪು ಹಸಿ ಎಲ್ಡರ್‌ಬೆರಿಯನ್ನ ಎಲೆ, ಕಡ್ಡಿ ಸಮೇತ ಜಜ್ಜಿ ಜ್ಯೂಸ್ ಮಾಡಿ ಕುಡಿದು ಕಾಯಿಲೆ ಬಿತ್ತು. ಎಂಟು ಜನರನ್ನ ಹೆಲಿಕಾಪ್ಟರ್‌ನಲ್ಲಿ ಮಾಂಟೆರೇ ನಗರದ ಆಸ್ಪತ್ರೆಗೆ ಸಾಗಿಸಬೇಕಾಯ್ತು. ಅಲ್ಲಿನವರು ಹಣ್ಣನ್ನ ಕಡ್ಡಿಯಿಂದ ಬಿಡಿಸಿ, ಕುದಿಸಿ, ಬೀಜ ಸೋಸಿ ಜ್ಯೂಸ್ ಮಾಡೋದು ಇದಕ್ಕೇ. ಅಲ್ಲಿನ ಅಜ್ಜಿಯರೂ "ಕಡ್ಡಿ ಹಾಕ್ಬೇಡ" ಅಂತ ಒಂದೇ ಸಾಲು ಹೇಳಿರ್ತಾರೆ. ಆ ಸಾಲನ್ನ ಬಿಟ್ಟವರಿಗೆ ಹೀಗಾಗುತ್ತೆ.

ಕೊನೆಗೆ

ಮೇ ತಿಂಗಳಲ್ಲಿ ಅಜ್ಜಿ ಜೊತೆ ಕೂತು ಮಾಡಿದ ಮೂರು ಬಾಟ್ಲಿಯಲ್ಲಿ ಒಂದನ್ನ ಹಾಸ್ಟೆಲ್‌ಗೆ ತಂದೆ. ದುಂಡನೆ ಬಾಟ್ಲಿ. ರೂಮ್‌ಮೇಟ್ ಮೊದಲ ಹದಿನೈದು ದಿನ ಅದನ್ನ ಕಿಟಕಿಯಾಚೆ ಕಟ್ಟೆ ಮೇಲೆ, ಮೇಲೊಂದು ಬಕೆಟ್ ಬೋರಲು ಹಾಕಿ ಇಡಿಸಿದ್ಲು. ತಪ್ಪಿಲ್ಲ ಬಿಡಿ. ಒಂದೂ ಗುಳ್ಳೆ ಏಳದೆ ಇದ್ದದ್ದು ನೋಡಿದ ಮೇಲೆ ಒಳಗೆ ಬಿಟ್ಲು. ಮೊದಲ ಲೋಟ ಅವಳಿಗೇ ಕೊಟ್ಟೆ. ಒಂದೇ ಗುಟುಕಿಗೆ ಮುಗಿಸಿ, "ಈಗ ನಿನ್ನ ಕ್ಷಮಿಸಿದೆ" ಅಂದ್ಲು.

ಅಜ್ಜಿಗೆ ಈಗ ಮಂಡಿ ನೋವು, ಕೆಳಗೆ ಕೂತು ಹಣ್ಣು ಕೊಯ್ಯೋಕೆ ಆಗ್ತಿಲ್ಲ. ನಾನು ಹೊರಡುವಾಗ "ಬರುವ ವರ್ಷದಿಂದ ನೀನೇ ಮಾಡು, ನಂಗೆ ಆಗುದಿಲ್ಲ" ಅಂದ್ರು. ಅದಕ್ಕೇ ಅವರು ಹೇಳಿದ್ದನ್ನೆಲ್ಲಾ ಬರೆದಿಟ್ಟಿದ್ದೀನಿ. ಅವರ ಮಾತು ಅವರು ಹೇಳಿದ ಹಾಗೇ ಎಡಗಡೆ, ನಾನು ಹುಡುಕಿದ ಕಾರಣ ಬಲಗಡೆ. ಎಡಗಡೆಯದ್ದನ್ನ ಒಂದಕ್ಷರ ಬದಲಾಯಿಸಿಲ್ಲ. ಬಲಗಡೆ ಇನ್ನೂ ಎರಡು ಸಾಲು ಖಾಲಿ ಇವೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರುತ್ತೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು, ಏನಾದ್ರೂ ಸರಿ. ಈ ರಜೆಗೆ ಹೋದಾಗ ಅಳತೆ ಕೇಳಿ, ಜೊತೆಗೆ "ಮಾಡಬಾರದು" ಅನ್ನೋ ಸಾಲುಗಳನ್ನೂ ಕೇಳಿ ಬರೆದುಕೊಂಡು ಬನ್ನಿ. ಕಾರಣ ಆಮೇಲೆ ನಾವೆಲ್ಲ ಕೂತು ಹುಡುಕೋಣ. ಕಾರಣ ಸಿಗೋವರೆಗೂ, ದಯವಿಟ್ಟು ಅವರು ಹೇಳಿದಷ್ಟೇ ಸಕ್ಕರೆ ಹಾಕಿ.